ಮನೆಯಂಗಳದ ಮಾರಾಟ: ಮಗು ಎಲ್ಲಿಯವರೆಗೆ ಕೈಜೋಡಿಸಬಹುದು?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ ಹಿತ್ತಲಿನ ಲಿಂಬೆ, ಮುಳಗಾಯಿ, ಮೆಂತೆ ಪಲ್ಯದ ಪೆಂಡಿ ಮನೆಯ ಖರ್ಚಿಗಿಂತ ಹೆಚ್ಚಾದರೆ ಕಟ್ಟೆಯ ಮೇಲೆ ಮಾರಾಟಕ್ಕೆ ಬರುತ್ತವೆ. ಗೋಣಿಚೀಲ ಹಾಸಿ, ಪಾಟಿಯ ಮೇಲೆ ದರ ಬರೆದು, ಚಿಲ್ಲರೆಗೊಂದು ಡಬ್ಬಿ ಇಟ್ಟರೆ ಅಂಗಡಿ ಸಿದ್ಧ. ಅವ್ವ ಹೊಲಕ್ಕೆ ಹೋದಾಗ ಡಬ್ಬಿಯ ಮುಂದೆ ಐದನೇ ತರಗತಿಯ ಮಗಳು ಕೂರುತ್ತಾಳೆ. ಇದಕ್ಕೆ ಕಾನೂನು ಒಪ್ಪುತ್ತದೆಯೇ? ಉತ್ತರ ನಿಂತಿರುವುದು ಅಂಗಡಿಯ ಹೊಣೆ ಯಾರದು ಎಂಬುದರ ಮೇಲೆ.

14 ತುಂಬದ ಮಕ್ಕಳು

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿ ಬಂತು. 14 ವರ್ಷದೊಳಗಿನ ಮಗುವನ್ನು ಯಾವ ಉದ್ಯೋಗದಲ್ಲೂ ದುಡಿಸುವಂತಿಲ್ಲ. ಆದರೆ ದಿನದ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಕುಟುಂಬಕ್ಕೆ ನೆರವಾಗಬಹುದು. ಇಲ್ಲಿ ಕುಟುಂಬವೆಂದರೆ ತಂದೆ, ತಾಯಿ, ಒಡಹುಟ್ಟಿದವರು, ಜೊತೆಗೆ ತಂದೆ ತಾಯಿಯರ ಒಡಹುಟ್ಟಿದವರು. ಪಕ್ಕದ ಮನೆಯವರಾಗಲಿ, ಪರಿಚಯದ ವ್ಯಾಪಾರಿಯಾಗಲಿ ಇದರಲ್ಲಿ ಸೇರುವುದಿಲ್ಲ.

ಆ ನೆರವಿಗೂ 2017ರ ನಿಯಮಗಳು ಮಿತಿ ಹಾಕಿವೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚಿಲ್ಲ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸವೇ ಇಲ್ಲ. ಮನೆಪಾಠಕ್ಕೆ ಅಡ್ಡಿಯಾಗಬಾರದು, ನಡುವೆ ವಿಶ್ರಾಂತಿ ಸಿಗಬೇಕು, ದೊಡ್ಡವರ ಬದಲಿಗೆ ಮಗುವನ್ನು ಕೂರಿಸಬಾರದು. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು: ಮಗುವಿಗಾಗಲಿ ಕುಟುಂಬಕ್ಕಾಗಲಿ ಸಂಪಾದನೆ ತರುವ ತಯಾರಿಕೆ, ಪೂರೈಕೆ, ಚಿಲ್ಲರೆ ಮಾರಾಟದ ಕೆಲಸವನ್ನು ಈ ನೆರವಿನ ಲೆಕ್ಕಕ್ಕೆ ತರುವಂತಿಲ್ಲ.

ಹಾಗಾಗಿ ಗಿಡಕ್ಕೆ ನೀರು ಹಾಕುವುದು, ಅವ್ವನ ಪಕ್ಕದಲ್ಲಿ ಕುಳಿತು ಕೂಡಿ ಕಳೆಯುವ ಲೆಕ್ಕ ಕಲಿಯುವುದು ಒಂದು ಮಾತು. ಅವ್ವ ಹೊಲದಲ್ಲಿರುವಾಗ ದಿನವೂ ಮಗುವೇ ಅಂಗಡಿ ನಡೆಸುವುದು ಬೇರೆಯೇ ಮಾತು. ಮೊದಲನೆಯದು ಬಾಲ್ಯದ ಭಾಗ. ಎರಡನೆಯದು ದುಡಿಮೆ. ಮಗುವನ್ನು ಕೆಲಸಕ್ಕಿಟ್ಟುಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ತಂದೆತಾಯಿಯ ಬಗ್ಗೆ ಕಾಯ್ದೆ ಮೃದುವಾಗಿದೆ ನಿಜ. ಆದರೆ ನಿಯಮ ಮೀರಿ ವ್ಯಾಪಾರಕ್ಕಾಗಿ ಮಗುವನ್ನು ದುಡಿಸಿದರೆ ಅವರಿಗೂ ಆ ರಕ್ಷಣೆ ಇಲ್ಲ.

ನಿಪ್ಪಾಣಿಯವರಿಗೆ ಒಂದು ಮಾತು

ನಿಪ್ಪಾಣಿ ತಂಬಾಕಿನ ಊರು, ಬೀಡಿಯ ಊರು. ಬೀಡಿ ಕಟ್ಟುವುದು, ತಂಬಾಕು ಹದ ಮಾಡುವುದು ಅಪಾಯಕಾರಿ ಕೆಲಸಗಳೆಂದು ಕಾನೂನು ಗುರುತಿಸಿದೆ. ಅಲ್ಲಿ ‘ನಮ್ಮ ಮನೆಯ ಕೆಲಸ’ ಎಂಬ ವಿನಾಯಿತಿ ನಡೆಯದು. 2003ರ ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಇಲ್ಲಿ 21ರ ಒಳಗಿನವರಿಗೆ ಬೀಡಿ, ಸಿಗರೇಟು ಮಾರುವಂತಿಲ್ಲ. 18ರ ಒಳಗಿನವರ ಕೈಯಿಂದ ಮಾರಿಸುವಂತೆಯೂ ಇಲ್ಲ. ಕಟ್ಟೆಯ ಮೇಲೆ ತರಕಾರಿಯ ಪಕ್ಕ ಬೀಡಿ ಕಟ್ಟು ಇಡುವ ರೂಢಿಯಿದ್ದರೆ ಇಂದೇ ಬಿಡಬೇಕು.

ಮಾತುಕತೆ, ತೂಕ, ಪರವಾನಗಿ

ವ್ಯಾಪಾರಿಯೊಬ್ಬ ಬಂದು, ಮನೆಯಲ್ಲಿದ್ದ ಹುಡುಗನ ಕೈಗೆ ಮುಂಗಡ ಕೊಟ್ಟು, ಪೇರಲ ಗಿಡದ ಹಣ್ಣೆಲ್ಲ ತನಗೇ ಎಂದು ಒಪ್ಪಿಸಿಕೊಂಡ ಎನ್ನಿ. ಆ ಒಪ್ಪಂದಕ್ಕೆ ಬೆಲೆಯಿಲ್ಲ. 1872ರ ಕರಾರು ಕಾಯ್ದೆಯಡಿ 18 ತುಂಬದವರಿಗೆ ಕರಾರು ಮಾಡುವ ಅರ್ಹತೆ ಇಲ್ಲ. ಅಂಥ ಕರಾರು ಮೂಲದಲ್ಲೇ ಅಸಿಂಧು ಎಂದು ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ತೀರ್ಪು ಕೊಟ್ಟಿತು. ಮುಂಗಡದ ಮಾತನ್ನು ದೊಡ್ಡವರೇ ಆಡಬೇಕು.

ರೈತ ತಾನು ಬೆಳೆದ ಹಸಿ ತರಕಾರಿ, ಹಣ್ಣನ್ನು ಇದ್ದ ಹಾಗೆಯೇ ಹೊಲದಲ್ಲಿ ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದಿಲ್ಲ, ಜಿಎಸ್‌ಟಿ ನೋಂದಣಿಯೂ ಬೇಡ. ಅದೇ ಮೆಣಸಿನಕಾಯಿ ಖಾರದಪುಡಿಯಾಗಿ, ಲಿಂಬೆ ಉಪ್ಪಿನಕಾಯಿಯಾಗಿ ಮಾರಾಟಕ್ಕೆ ಬಂದರೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಬೇಕು, ಅದು ದೊಡ್ಡವರ ಹೆಸರಿನಲ್ಲಿರಬೇಕು. ಕಿಲೋ ಲೆಕ್ಕದಲ್ಲಿ ಮಾರುವವರ ತಕ್ಕಡಿಗೂ ತೂಕದ ಕಲ್ಲಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಕಡ್ಡಾಯ.

ಕಾಗವಾಡದಿಂದ ಮಿರಜಕ್ಕೆ, ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋಗಿ ಬರುವವರು ನೆನಪಿಡಬೇಕು: ಇವೆಲ್ಲ ಕೇಂದ್ರದ ಕಾಯ್ದೆಗಳು, ತಂಬಾಕು ಮಾರಾಟದ ವಯೋಮಿತಿಯೊಂದನ್ನು ಬಿಟ್ಟರೆ ಮಹಾರಾಷ್ಟ್ರದ ಗಡಿ ದಾಟಿದರೂ ಬದಲಾಗುವುದಿಲ್ಲ.

ಕಲಿಕೆಗೆ ದಾರಿ ಇದೆ

ವ್ಯವಹಾರಜ್ಞಾನ ಮಕ್ಕಳಿಗೆ ಬೇಕೇ ಬೇಕು. ಅದಕ್ಕೆಂದೇ ನಾಡಿನ ಎಷ್ಟೋ ಸರಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ನಡೆಯುತ್ತದೆ. ಮಕ್ಕಳು ಮನೆಯಲ್ಲಿ ಬೆಳೆದ ಪಲ್ಯ, ಕಾಯಿ ತಂದು ಶಾಲೆಯ ಅಂಗಳದಲ್ಲಿ ಕೂಗಿ ಮಾರುತ್ತಾರೆ. ಶಿಕ್ಷಕರು ಜೊತೆಗಿರುತ್ತಾರೆ, ಸಂಜೆಗೆ ಲಾಭ ನಷ್ಟ ಬರೆಸುತ್ತಾರೆ. ಅಲ್ಲಿ ಪಾಠ ಮೊದಲು, ಹಣ ಆಮೇಲೆ. ಮನೆಯ ಕಟ್ಟೆಗೂ ಇದೇ ಅಳತೆ ಸಾಕು. ಡಬ್ಬಿಯ ಹೊಣೆ ದೊಡ್ಡವರಲ್ಲಿರಲಿ, ಮಗುವಿಗೆ ಬೇಸರವಾದಾಗ ಎದ್ದು ಆಡಲು ಹೋಗುವ ಸ್ವಾತಂತ್ರ್ಯವಿರಲಿ. ಶಾಲೆ ತಪ್ಪಿಸಿ ಮಾರಾಟಕ್ಕೆ ಕೂತ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಮಗುವಿಗೆ ಆಗ ಬೇಕಾದ್ದು ಗಿರಾಕಿಯಲ್ಲ, ತನ್ನ ಪರವಾಗಿ ಮಾತಾಡುವ ಹಿರಿಯರು.