ಪರದೆಯ ಅಳತೆ ಎಡಿಟರಿನ ಕೈಯಲ್ಲಿಲ್ಲ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ ಮೈಸೂರಿಗೆ ಕಂಪ್ಯೂಟರ್ ಕಲಿಯಲು ಬರುವ ಮಕ್ಕಳನ್ನು ವಿಮ್ ಎಡಿಟರ್ ಮೊದಲು ಹೆದರಿಸುವುದೇ ಪರದೆಯ ವಿಷಯದಲ್ಲಿ. ಕಿಟಕಿ ಹಿಗ್ಗಿಸಿದರೂ ಕೋಡ್ ಒಂದು ಮೂಲೆಯಲ್ಲೇ ಮುದುಡಿರುತ್ತದೆ, ಇಲ್ಲವೇ ಸಾಲಿನ ಮೇಲೆ ಸಾಲು ಬಿದ್ದು ಕಲಸಿಹೋಗುತ್ತದೆ. ಫೈಲೇ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಕೆಟ್ಟಿರುವುದಿಲ್ಲ. ಎಸ್ಕೇಪ್ ಒತ್ತಿ ಕಂಟ್ರೋಲ್-ಎಲ್ ಒತ್ತಿದರೆ ವಿಮ್ ಪರದೆಯನ್ನು ಹೊಸದಾಗಿ ಬರೆಯುತ್ತದೆ. ಫೈಲಿನ ಒಂದಕ್ಷರವೂ ಅಲುಗಿರುವುದಿಲ್ಲ.

ಇದಕ್ಕಿಂತ ಆಳವಾಗಿ ಬೇರೂರಿದ ನಂಬಿಕೆ, ಅಳತೆಯನ್ನು ಎಡಿಟರ್ ನಿರ್ಧರಿಸುತ್ತದೆ ಎಂಬುದು. ಟರ್ಮಿನಲ್ ಕಿಟಕಿ ಚೌಕಾಬಾರದ ಮಣೆಯಂತೆ ಮನೆಮನೆಯಾಗಿ ಭಾಗವಾಗಿದೆ. ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಮನೆ ಎಂಬುದು ಟರ್ಮಿನಲ್‌ಗೆ ಗೊತ್ತು. ಅದು ಆ ಎರಡು ಸಂಖ್ಯೆಗಳನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಒಪ್ಪಿಸುತ್ತದೆ, ಎಡಿಟರ್ ಕರ್ನಲನ್ನು ಕೇಳಿ ತಿಳಿಯುತ್ತದೆ. ಕಿಟಕಿಯನ್ನು ಎಳೆದಾಗ ಕರ್ನಲ್ 'ಸಿಗ್‌ವಿಂಚ್' ಎಂಬ ಸಂಕೇತ ಕಳಿಸುತ್ತದೆ. ಎಡಿಟರ್ ಮತ್ತೆ ಅಳತೆ ಕೇಳುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ನಲ್ಲಿ ಕೂತಿದ್ದರೂ ಈ ಸುದ್ದಿ ತಲುಪುತ್ತದೆ. ಆದ್ದರಿಂದ ವಿಮ್‌ನ ಸೆಟ್ಟಿಂಗ್ ಫೈಲಿನಲ್ಲಿ 'ಕಾಲಮ್ಸ್=120' ಎಂದು ಬರೆದಿಡುವುದು ತನ್ನದೇ ಕಿಟಕಿ ತೆರೆಯುವ ಜಿವಿಮ್‌ಗೆ ಸರಿ, ಟರ್ಮಿನಲ್‌ಗೆ ಅಲ್ಲ. ಅನೇಕ ಟರ್ಮಿನಲ್‌ಗಳು ಆ ಕೋರಿಕೆಯನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ; ಆಗ ಎಡಿಟರ್ ಇಲ್ಲದ ಮನೆಗಳಲ್ಲಿ ಬರೆಯಲು ಹೋಗಿ ಪರದೆ ಕೆಡುತ್ತದೆ.

ತೊಂದರೆ ಬಂದಾಗ ಮೊದಲು 'ಎಸ್‌ಟಿಟಿವೈ ಸೈಜ್' ಕೊಟ್ಟು ನೋಡಬೇಕು. ಕರ್ನಲ್ ನಂಬಿರುವ ಸಾಲು, ಕಾಲಂಗಳ ಸಂಖ್ಯೆ ಬರುತ್ತದೆ. ರಾಸ್ಪ್‌ಬೆರಿ ಪೈಯಂಥ ಬೋರ್ಡಿಗೆ ಸೀರಿಯಲ್ ತಂತಿ ಹಾಕಿದ್ದರೆ ಆ ತಂತಿಗೆ ಅಳತೆ ತಿಳಿಸುವ ದಾರಿಯೇ ಇಲ್ಲ. ಅಲ್ಲಿ 'ರೀಸೈಜ್' ಓಡಿಸಬೇಕು, ಅಥವಾ 'ಎಸ್‌ಟಿಟಿವೈ ರೋಸ್ 40 ಕಾಲ್ಸ್ 120' ಎಂದು ಕೈಯಾರೆ ಹೇಳಬೇಕು. ಒಂದೇ ಸೆಷನ್ನನ್ನು ಹಲವು ಪರದೆಗಳಲ್ಲಿ ತೋರಿಸಬಲ್ಲ ಟಿಮಕ್ಸ್‌ನಲ್ಲಿ ಕಿಟಕಿಯ ಸುತ್ತ ಚುಕ್ಕಿಗಳು ತುಂಬಿದ್ದರೆ, ಅದೇ ಸೆಷನ್‌ಗೆ ಇನ್ನೊಂದು ಚಿಕ್ಕ ಪರದೆ ಅಂಟಿಕೊಂಡಿದೆ ಎಂದರ್ಥ. ಯಾರದೋ ಸಲಹೆ ಕೇಳಿ ಲೈನ್ಸ್, ಕಾಲಮ್ಸ್ ಬೆಲೆಗಳನ್ನು ಬ್ಯಾಶ್ ಫೈಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿಟ್ಟಿದ್ದರೆ ತೆಗೆದುಹಾಕಿ. ನ್ಯಾನೋ ಥರದ ಎಡಿಟರ್‌ಗಳು ಆ ಹಳೆಯ ಬೆಲೆಯನ್ನೇ ನಂಬಿ, ಕಿಟಕಿ ಹಿಗ್ಗಿದರೂ ಹಿಗ್ಗುವುದಿಲ್ಲ.

80 ಕಾಲಂ, 24 ಸಾಲು ಎಂಬುದು ನಿಯಮವೇ? ಅಲ್ಲ, ಪರಂಪರೆ. ಐಬಿಎಂ 1928ರಲ್ಲಿ ತಂದ ಪಂಚ್ ಕಾರ್ಡಿಗೆ 80 ಕಾಲಂ ಇತ್ತು. ಬಿಲ್ ಜಾಯ್ ಬರ್ಕ್ಲಿಯಲ್ಲಿ ವಿಮ್‌ನ ಪೂರ್ವಜ ವಿಐ ಬರೆದ ಎಡಿಎಂ-3ಎ ಟರ್ಮಿನಲ್‌ಗೂ ಅಷ್ಟೇ ಅಗಲ. 1978ರ ವಿಟಿ100 ಆಗಲೇ 132 ಕಾಲಂ ತೋರಿಸುತ್ತಿತ್ತು.

ನನಗೆ ಹೆಚ್ಚು ನೋವು ಕೊಡುವುದು ಕನ್ನಡದ ಕುರಿತ ತಪ್ಪು ತಿಳಿವಳಿಕೆ. ಕನ್ನಡ ಪಠ್ಯದ ಮೇಲೆ ಕರ್ಸರ್ ಅಡ್ಡಾದಿಡ್ಡಿ ನಿಂತರೆ ಫಾಂಟ್ ದೊಡ್ಡದು ಮಾಡಿ, ಕಿಟಕಿ ಅಗಲಿಸಿ ಎನ್ನುತ್ತಾರೆ. ಫಾಂಟ್ ದೊಡ್ಡದಾದರೆ ಅದೇ ಕಿಟಕಿಯಲ್ಲಿ ಮನೆಗಳು ಕಡಿಮೆಯಾಗುತ್ತವೆ, ಅಷ್ಟೆ. ನಮ್ಮ 'ಕಾಕನಕೋಟೆ' ಎಂಬ ಹೆಸರನ್ನೇ ನೋಡಿ. ಓದುವವರಿಗೆ ಐದು ಅಕ್ಷರ. ಯೂನಿಕೋಡ್‌ನಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಮಾರ್ಕಸ್ ಕೂನ್ ಬರೆದ, ಬಹಳ ಕಡೆ ಬಳಕೆಯಾದ 'ಡಬ್ಲ್ಯೂಸಿವಿಡ್ತ್' ಲೆಕ್ಕ ಎತ್ವವನ್ನು ಸೊನ್ನೆ ಮನೆಯೆಂದು ಬಿಟ್ಟು, ದೀರ್ಘಕ್ಕೂ ಓತ್ವಕ್ಕೂ ಒಂದೊಂದು ಮನೆ ಕೊಡುತ್ತದೆ, ಒಟ್ಟು 7. ವಿಮ್ ಮಾತ್ರ ಸ್ವರಚಿಹ್ನೆಗಳನ್ನೆಲ್ಲ ವ್ಯಂಜನಕ್ಕೇ ಅಂಟಿಸಿ 5 ಎಣಿಸುತ್ತದೆ. ಕೂನ್ ಲೆಕ್ಕ ಬಳಸುವ ಟರ್ಮಿನಲ್ 7 ಎಂದು, ಎಡಿಟರ್ 5 ಎಂದು ನಂಬಿದ ಮೇಲೆ ಆ ಸಾಲಿನ ಉಳಿದ ಅಕ್ಷರಗಳೆಲ್ಲ ತಪ್ಪು ಮನೆಗೆ ಸೇರುತ್ತವೆ. ಅಗಲ 80 ಇರಲಿ, 200 ಇರಲಿ, ವ್ಯತ್ಯಾಸ ಹಾಗೇ ಉಳಿಯುತ್ತದೆ.

ಅಕ್ಷರಗುಚ್ಛವನ್ನು ಒಂದೇ ಘಟಕವಾಗಿ ಎಣಿಸುವ ಕೆಲವು ಹೊಸ ಟರ್ಮಿನಲ್‌ಗಳು ಬಂದಿವೆ. ಎಡಿಟರ್‌ಗಳೂ ಅದೇ ಎಣಿಕೆಗೆ ಒಪ್ಪುವವರೆಗೆ, ಕೋಡಿನ ನಡುವೆ ಕನ್ನಡದಲ್ಲಿ ಟಿಪ್ಪಣಿ ಬರೆಯುವವರು ಅದನ್ನು ಸಾಲಿನ ಕೊನೆಗಿಡದೆ ಪ್ರತ್ಯೇಕ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ಆಗ ಕರ್ಸರ್ ತಪ್ಪಿದರೂ ಪಕ್ಕದ ಕೋಡ್ ಕಲಸಿಹೋಗುವುದಿಲ್ಲ.