ರಾಕ್ ಸಂಗೀತದ ಬಾನುಲಿಯೂ ಅದರ ಶ್ರೋತೃಗಳೂ

ಗ್ರಂಥವೊಂದು ಓದುವವರಿಲ್ಲದೆ ನೂರಾರು ವರ್ಷ ಅಟ್ಟದ ಮೇಲಿದ್ದು, ಮತ್ತೆ ಒಂದು ದಿನ ಬೆಳಕಿಗೆ ಬಂದೀತು. ಬಾನುಲಿಗೆ ಆ ಭಾಗ್ಯವಿಲ್ಲ. ಕೇಳುವವರಿಲ್ಲದ ನುಡಿ ನುಡಿದ ಗಳಿಗೆಯಲ್ಲಿಯೇ ಲಯವಾಗುತ್ತದೆ. ಆದುದರಿಂದ ಶ್ರೋತೃಗಳನ್ನು ಕಳೆದುಕೊಂಡ ನಿಲಯವು ಅವರನ್ನು ಮರಳಿ ಪಡೆಯುವ ಬಗೆ ಯಾವುದೆಂಬ ಪ್ರಶ್ನೆಯನ್ನು ವರ್ತಕರ ವಿಚಾರಕ್ಕೇ ಬಿಟ್ಟುಬಿಡುವುದು ಉಚಿತವಲ್ಲ. ಕಲೆಗೂ ಸಹೃದಯನಿಗೂ ನಡುವೆ ನಿಂತು ಆಯ್ಕೆ ಮಾಡುವವನು ಯಾರಿರಬೇಕೆಂಬ ಹಳೆಯ ಚರ್ಚೆಯೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ. ಅಮೆರಿಕದ ರಾಕ್ ಸಂಗೀತದ ನಿಲಯಗಳ ಚರಿತ್ರೆಯಲ್ಲಿ ಇದಕ್ಕೆ ಸ್ಫುಟವಾದ ನಿದರ್ಶನಗಳು ದೊರೆಯುತ್ತವೆ.

1967ರ ಆರಂಭದಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ಕೆ.ಎಂ.ಪಿ.ಎಕ್ಸ್. ಎಂಬ ಎಫ್.ಎಂ. ನಿಲಯವು ಬಹಳ ದುಃಸ್ಥಿತಿಯಲ್ಲಿದ್ದಿತು. ಆ ಕಾಲದಲ್ಲಿ ಜನ ಕೇಳುತ್ತಿದ್ದುದು ಎ.ಎಂ. ನಿಲಯಗಳನ್ನು; ಅವು ಆ ವಾರ ಹೆಚ್ಚಾಗಿ ಮಾರಾಟವಾದ ಕೆಲವೇ ಹಾಡುಗಳನ್ನು ಮತ್ತೆ ಮತ್ತೆ ಹಾಕಿ, ನಡುನಡುವೆ ಉಸಿರುಕಟ್ಟುವ ವೇಗದಲ್ಲಿ ಮಾತನಾಡಿ ಕಾಲ ಕಳೆಯುತ್ತಿದ್ದವು. ಎಫ್.ಎಂ. ನಿಲಯಗಳಲ್ಲಿ ಹಲವು ತಮ್ಮ ಒಡೆಯರ ಎ.ಎಂ. ಕಾರ್ಯಕ್ರಮವನ್ನೇ ಪುನಃ ಬಿತ್ತರಿಸುತ್ತಿದ್ದವು. ದೊಡ್ಡ ಊರುಗಳಲ್ಲಿ ಹೀಗೆ ಅರ್ಧಕ್ಕಿಂತ ಹೆಚ್ಚು ಕಾಲ ಮಾಡಕೂಡದೆಂದು ಅಲ್ಲಿನ ಸರ್ಕಾರದ ಸಂಪರ್ಕ ಆಯೋಗವು ವಿಧಿಸಿದ ನಿಯಮವು 1967ರ ಹೊತ್ತಿಗೆ ಜಾರಿಗೆ ಬಂದಿತು. ಒಡೆಯರ ಕೈಯಲ್ಲಿ ವೇಳೆ ಉಳಿಯಿತು. ಅದನ್ನು ತುಂಬಲು ಸರಕಿರಲಿಲ್ಲ. ಕೆ.ಎಂ.ಪಿ.ಎಕ್ಸ್. ನಿಲಯವಾದರೋ ತನ್ನ ವೇಳೆಯನ್ನು ಪರಭಾಷೆಯ ಕಾರ್ಯಕ್ರಮಗಳವರಿಗೆ ಮಾರಿಕೊಂಡು ಹೇಗೋ ಜೀವ ಹಿಡಿದಿದ್ದಿತು. ಟಾಮ್ ಡೊನಹ್ಯೂ ಎಂಬ ಅನುಭವಿ ಉದ್ಘೋಷಕನು ಊರಿನ ಎಫ್.ಎಂ. ನಿಲಯಗಳಿಗೆಲ್ಲ ಟೆಲಿಫೋನ್ ಮಾಡುತ್ತ ಹೋದಾಗ ಈ ನಿಲಯದ ಸಂಪರ್ಕವೇ ಕಡಿದುಹೋಗಿದ್ದುದು ತಿಳಿಯಿತೆಂದೂ, ಟೆಲಿಫೋನಿನ ಹಣ ಕಟ್ಟಲಾರದವನು ಯಾವ ಪ್ರಯೋಗಕ್ಕೂ ಒಪ್ಪಿಯಾನೆಂದು ಆತನು ಅಲ್ಲಿಗೇ ಹೋದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆಗೆ ಸ್ವಲ್ಪ ಬಣ್ಣ ಬಂದಿರಬಹುದು. ನಿಲಯದ ಬಡತನ ಮಾತ್ರ ನಿಜ.

ಡೊನಹ್ಯೂ 1967ರ ಏಪ್ರಿಲ್ ತಿಂಗಳಲ್ಲಿ ಕೆಲಸಕ್ಕೆ ಬಂದನು. ಅದಕ್ಕೆ ಕೆಲವು ವಾರಗಳ ಮುಂಚೆಯೇ ಲ್ಯಾರಿ ಮಿಲ್ಲರ್ ಎಂಬುವನು ನಡುರಾತ್ರಿಯ ವೇಳೆಯಲ್ಲಿ ಇಂತಹ ಸಂಗೀತವನ್ನು ಅಲ್ಲಿ ಬಿತ್ತರಿಸತೊಡಗಿದ್ದನೆಂಬುದನ್ನು ಮರೆಯಲಾಗದು. ಡೊನಹ್ಯೂ ಮಾಡಿದುದಾದರೂ ಏನು? ಮಾರಾಟದ ಪಟ್ಟಿಯನ್ನು ತೆಗೆದುಹಾಕಿದನು. ಎರಡು ಮೂರು ನಿಮಿಷದ ಸಣ್ಣ ತಟ್ಟೆಗಳ ಬದಲು ದೊಡ್ಡ ತಟ್ಟೆಗಳಲ್ಲಿನ ದೀರ್ಘವಾದ ಕೃತಿಗಳನ್ನು ಪೂರ್ತಿಯಾಗಿ ಹಾಕಿಸಿದನು. ಕೂಗಾಟ ನಿಂತು, ಎದುರಿಗೆ ಕುಳಿತವನೊಡನೆ ಮಾತನಾಡುವಂತಹ ತಗ್ಗಿದ ದನಿ ಬಂದಿತು. ಯಾವುದರ ಹಿಂದೆ ಯಾವುದು ಬರಬೇಕೆಂಬುದನ್ನು ಆಯಾ ಉದ್ಘೋಷಕನೇ ನಿಶ್ಚಯಿಸುತ್ತಿದ್ದನು. ನೀಗ್ರೋ ಜನಾಂಗದ ಬ್ಲೂಸ್ ಗೀತವೊಂದರ ಬೆನ್ನಿಗೆ ಆ ಧಾಟಿಯಿಂದಲೇ ಬೆಳೆದ ರಾಕ್ ಕೃತಿಯೊಂದು ಬಂದರೆ, ವ್ಯಾಖ್ಯಾನವಿಲ್ಲದೆಯೇ ಎರಡರ ಸಂಬಂಧವೂ ಕೇಳುವವನಿಗೆ ಹೊಳೆಯುತ್ತಿದ್ದಿತು. ಕುಮಾರವ್ಯಾಸನನ್ನು ಓದುವ ಗಮಕಿಯು ಸಭೆಯನ್ನೂ ಹೊತ್ತನ್ನೂ ನೋಡಿ ಸಂಧಿಗಳನ್ನು ಆಯ್ದುಕೊಳ್ಳುವನಷ್ಟೆ. ಈ ಉದ್ಘೋಷಕರ ಕೆಲಸವೂ ಅದೇ ಬಗೆಯದು. ಆ ಊರಿನ ಯುವಕರಲ್ಲಿ ಹೊಸ ಸಂಗೀತವು ಆಗಲೇ ಹಬ್ಬಿದ್ದಿತು. ಅದರ ದೊಡ್ಡ ತಟ್ಟೆಗಳು ಅಂಗಡಿಯಲ್ಲಿ ದೊರೆಯುತ್ತಿದ್ದವು, ಬಾನುಲಿಯಲ್ಲಿ ಕೇಳುತ್ತಿರಲಿಲ್ಲ. ನಿಲಯವು ಶ್ರೋತೃಗಳನ್ನು ಸೃಷ್ಟಿಸಲಿಲ್ಲ, ಇದ್ದವರನ್ನು ಕಂಡುಕೊಂಡಿತು.

ಮುಂದಿನ ವರ್ಷವೇ ಇದಕ್ಕೊಂದು ಪರೀಕ್ಷೆ ಒದಗಿತು. 1968ರ ಮಾರ್ಚಿಯಲ್ಲಿ ನೌಕರರು ಒಡೆಯನೊಡನೆ ವಿರಸವುಂಟಾಗಿ ಮುಷ್ಕರ ಹೂಡಿದರು. ಹಲವು ಪ್ರಸಿದ್ಧ ಗಾಯಕರು ನೌಕರರ ಪಕ್ಷ ವಹಿಸಿದರು. ಕೊನೆಗೆ ಡೊನಹ್ಯೂ ಮೊದಲಾದವರು ಅದೇ ಊರಿನ, ಮುಂದೆ ಕೆ.ಎಸ್.ಎ.ಎನ್. ಎಂದು ಹೆಸರಾದ, ಬೇರೊಂದು ನಿಲಯಕ್ಕೆ ಹೋದರು; ಶ್ರೋತೃಗಳೂ ಅವರ ಹಿಂದೆ ಹೋದರು. ಶ್ರೋತೃವಿನ ನಂಟು ಇರುವುದು ಯಂತ್ರದ ಅಲೆಯಂಕದೊಡನೆ ಅಲ್ಲ, ಪರಿಚಿತವಾದ ದನಿಯೊಡನೆ ಎಂಬುದು ಇದರಿಂದ ವಿಶದವಾಗುತ್ತದೆ.

ಇನ್ನು ಇಳಿಗಾಲದ ವಿಚಾರ. 1970ರ ದಶಕದಲ್ಲಿ ರಾಕ್ ನಿಲಯಗಳು ಲಾಭದ ಕ್ಷೇತ್ರವಾದೊಡನೆ ಲೀ ಅಬ್ರಾಮ್ಸ್‌ನಂತಹ ಸಲಹೆಗಾರರು ಬಂದರು. ಉದ್ಘೋಷಕನ ಆಯ್ಕೆಯ ಸ್ಥಾನದಲ್ಲಿ ಮತ್ತೆ ಪಟ್ಟಿ ಬಂದಿತು. ಈ ಪದ್ಧತಿಯನ್ನು ಸುಮ್ಮನೆ ಹಳಿಯುವುದು ಅನ್ಯಾಯ. ಅದನ್ನು ಅನುಸರಿಸಿದ ಅನೇಕ ನಿಲಯಗಳಿಗೆ ಮೊದಮೊದಲು ಶ್ರೋತೃಗಳು ಹೆಚ್ಚಿದರು. ದೋಷವಿರುವುದು ಅದರ ಅಳತೆಗೋಲಿನಲ್ಲಿ. ಹಾಡಿನ ತುಣುಕನ್ನು ಟೆಲಿಫೋನಿನಲ್ಲಿ ಕೇಳಿಸಿ ಅಭಿಪ್ರಾಯ ಪಡೆಯುವ ಕ್ರಮದಲ್ಲಿ ಗೆಲ್ಲುವುದು ಆಗಲೇ ಪರಿಚಯವಿದ್ದ, ಯಾರಿಗೂ ಬೇಸರ ತಾರದ ಹಾಡು. ಯಾರೋ ಕೆಲವರು ಪ್ರಾಣದಂತೆ ಪ್ರೀತಿಸುವ ಹಾಡು ಸೋಲುತ್ತದೆ. ಬಿಟ್ಟುಹೋದವನನ್ನು ಕೇಳುವವರೇ ಇಲ್ಲ. ಹೀಗೆ ವರ್ಷದಿಂದ ವರ್ಷಕ್ಕೆ ಪಟ್ಟಿ ಕಿರಿದಾಗಿ, ಶ್ರೋತೃಗಳು ಹಾಡುಗಳೊಡನೆಯೇ ಮುದುಕರಾದರು. ಡೊನಹ್ಯೂ 1975ರಲ್ಲಿ ತೀರಿಕೊಂಡನು. ಕೆ.ಎಸ್.ಎ.ಎನ್. 1980ರಲ್ಲಿ ರಾಕ್ ಸಂಗೀತವನ್ನೇ ಬಿಟ್ಟು ಗ್ರಾಮೀಣ ಧಾಟಿಯ ಕಂಟ್ರಿ ಸಂಗೀತಕ್ಕೆ ತಿರುಗಿತು. 1996ರ ಶಾಸನವು ಒಬ್ಬನೇ ಒಡೆಯನು ಹೊಂದಬಹುದಾದ ನಿಲಯಗಳ ಮಿತಿಯನ್ನು ಸಡಿಲಿಸಿದ ಮೇಲಂತೂ, ಒಬ್ಬನು ಒಂದೆಡೆ ಕುಳಿತು ಹತ್ತೂರಿಗೆ ತನ್ನ ಮಾತನ್ನು ಮುಂಚೆಯೇ ಮುದ್ರಿಸಿಡುವ ಪದ್ಧತಿ ಬೆಳೆಯಿತು. ಊರಿನ ಮಳೆಯ ಸುದ್ದಿಯೂ ತಿಳಿಯದ ದನಿಗೆ ಊರಿನವರು ಏಕೆ ಕಿವಿಗೊಟ್ಟಾರು?

ನಮ್ಮ ನಾಡಿಗೂ ಇಂತಹ ಅನುಭವವಿಲ್ಲದೆ ಇಲ್ಲ. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಅಖಿಲ ಭಾರತ ಸಂಸ್ಥೆಗೇ ಸಂದುದು ವಾಚಕರಿಗೆ ವಿದಿತವೇ ಆಗಿದೆ. ಆ ಸಂಸ್ಥೆಯು 1952ರ ಬಳಿಕ, ಸಚಿವರಾದ ಬಿ. ವಿ. ಕೇಸ್ಕರರ ಕಾಲದಲ್ಲಿ, ಚಲಚ್ಚಿತ್ರಗೀತೆಗಳನ್ನು ದೂರವಿರಿಸಿತು; ಜನರು ರೇಡಿಯೊ ಸಿಲೋನಿನ ಕಡೆಗೆ ಕಿವಿ ತಿರುಗಿಸಿದರು. 1957ರ ಅಕ್ಟೋಬರ್ 3ರಂದು ಆರಂಭವಾದ ವಿವಿಧ ಭಾರತಿಯು ಹೋದವರನ್ನು ಮರಳಿ ಕರೆತರುವ ಯತ್ನ. ಅಲ್ಲಿ ಪಟ್ಟಿಯನ್ನು ಕಿರಿದು ಮಾಡಿದುದು ವ್ಯಾಪಾರವಲ್ಲ, ಸದಭಿರುಚಿಯ ಹಟ. ಫಲ ಮಾತ್ರ ಒಂದೇ ಆಯಿತು.

ಇಂಗ್ಲೆಂಡಿನ ನಿದರ್ಶನವು ಸ್ವಲ್ಪ ತೊಡಕಿನದು. ಬಿ.ಬಿ.ಸಿ. ಸಂಸ್ಥೆಯು 2002ರಲ್ಲಿ ಆರಂಭಿಸಿದ ‘6 ಮ್ಯೂಸಿಕ್’ ನಿಲಯವನ್ನು ಕೇಳುವವರು ಸಾಲರೆಂದು 2010ರ ಮಾರ್ಚಿಯಲ್ಲಿ ಮುಚ್ಚುವ ಸೂಚನೆ ಹೊರಟಿತು. ಸುದ್ದಿ ಹರಡಿ, ಪ್ರತಿಭಟನೆಯೆದ್ದು, ವಾರಕ್ಕೆ ಸುಮಾರು 7 ಲಕ್ಷವಿದ್ದ ಶ್ರೋತೃಗಳು ಕೆಲವೇ ತಿಂಗಳಲ್ಲಿ 10 ಲಕ್ಷವನ್ನು ಮೀರಿದರು; ಜುಲೈಯಲ್ಲಿ ಮೇಲ್ವಿಚಾರಕ ಮಂಡಲಿಯು ಸೂಚನೆಯನ್ನು ತಳ್ಳಿಹಾಕಿತು. ಮುಂದೆ ಆ ಸಂಖ್ಯೆ 20 ಲಕ್ಷವನ್ನೂ ದಾಟಿತು. ಮೊದಲ ಏರಿಕೆಗೆ ಸಾವಿನ ಸುದ್ದಿಯೇ ಕಾರಣವೆನ್ನಬಹುದು. ಬಂದವರು ನಿಂತುದಕ್ಕೆ ಬೇರೆ ಕಾರಣ ಬೇಕು: ಹಳೆಯದನ್ನೂ ಹೊಸದನ್ನೂ ಬಲ್ಲ ಉದ್ಘೋಷಕರೂ, ಆ ನಿಲಯಕ್ಕಾಗಿಯೇ ಸಂಗೀತಗಾರರು ಬಂದು ಹಾಡುವ ಪರಿಪಾಟಿಯೂ ಅಲ್ಲಿದ್ದವು. ಜಾಹಿರಾತಿನ ಹಂಗಿಲ್ಲದೆ, ಜನರು ತೆತ್ತ ಪರವಾನೆಯ ಹಣದಿಂದ ನಡೆಯುವ ಈ ಅನುಕೂಲ ಅಮೆರಿಕದ ನಿಲಯಗಳಿಗೆ ಇರಲಿಲ್ಲವೆಂಬುದನ್ನೂ ಹೇಳಬೇಕು.

ಈಚೆಗೆ ಕೈಯಲ್ಲಿರುವ ಫೋನೇ ಒಡೆಯನ ಅಭಿರುಚಿಯನ್ನು ಲೆಕ್ಕ ಹಾಕಿ ಹಾಡುಗಳನ್ನು ಒದಗಿಸುತ್ತದೆ. ಕಿರಿದಾದ ಪಟ್ಟಿಯನ್ನಷ್ಟೇ ನೆಚ್ಚಿದ ನಿಲಯವು ಅದರೊಡನೆ ಸ್ಪರ್ಧಿಸಲಾರದು; ಆ ಕೆಲಸದಲ್ಲಿ ಯಂತ್ರವೇ ಮೇಲು. ನಿಲಯಕ್ಕೆ ಉಳಿದಿರುವ ಬಂಡವಾಳವೆಂದರೆ ತಟ್ಟೆಗಳ ಭಂಡಾರ, ಅದನ್ನು ಬಲ್ಲ ಇಬ್ಬರು ಮೂವರು ಜನ, ತನ್ನ ಊರಿನ ವಾದ್ಯಗಾರರು. ಇಡೀ ದಿನವನ್ನು ಒಮ್ಮೆಗೇ ಬದಲಿಸುವಷ್ಟು ಧೈರ್ಯ ಯಾವ ಒಡೆಯನಿಗೂ ಇರುವುದಿಲ್ಲ. ಜಾಹಿರಾತಿನವರು ಅಷ್ಟಾಗಿ ಬೇಡದ ನಡುರಾತ್ರಿಯ ವೇಳೆಯನ್ನು ಅಂತಹವರಿಗೆ ಬಿಟ್ಟುಕೊಡಲು ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ. ಲ್ಯಾರಿ ಮಿಲ್ಲರ್‌ಗೆ ಮೊದಲು ದೊರೆತುದೂ ಆ ವೇಳೆಯೇ.