ನೆನಪಿಡುವವರಿಲ್ಲದ ಬಾಲ್ಯ

ಯಾರ ಬಾಲ್ಯದ ನೆನಪೂ ಪೂರ್ತಿ ಅವರೊಬ್ಬರದೇ ಆಗಿರುವುದಿಲ್ಲ. ಮೊದಲ ಹೆಜ್ಜೆ ಇಟ್ಟದ್ದು, ತೊದಲು ಮಾತಾಡಿದ್ದು, ಜ್ವರ ಬಂದು ರಾತ್ರಿಯಿಡೀ ಅತ್ತದ್ದು, ಇವನ್ನೆಲ್ಲ ನಮ್ಮ ಪರವಾಗಿ ನೆನಪಿಟ್ಟುಕೊಂಡು ಮತ್ತೆ ಮತ್ತೆ ಹೇಳಿದವರು ತಾಯಿ, ಅಜ್ಜಿ, ಅಕ್ಕ, ಸೋದರಮಾವ. ಹಾಗೆ ಹೇಳುವವರು ಒಬ್ಬರೂ ಇಲ್ಲದೆ ಬೆಳೆಯುವುದೆಂದರೆ ಏನು ಎಂದು ತಿಳಿಯಬೇಕಾದರೆ, ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಇಂಗ್ಲೆಂಡಿನ ಬಾಲಮಂದಿರಗಳಲ್ಲಿ ಬೆಳೆದವರು ಮುಂದೆ ಹೇಳಿದ್ದನ್ನೂ ಬರೆದದ್ದನ್ನೂ ಓದಬೇಕು. ಆ ನೆನಪುಗಳಲ್ಲಿ ಓದುಗರು ಸಾಮಾನ್ಯವಾಗಿ ಹುಡುಕುವುದು ಕ್ರೌರ್ಯದ ಕಥೆಗಳನ್ನು. ಕ್ರೌರ್ಯ ಇತ್ತು, ಅನೇಕ ಕಡೆ ಅದು ಹೇಳಲಾರದಷ್ಟು ಇತ್ತೆಂದು ಈಚಿನ ವಿಚಾರಣೆಗಳು ದಾಖಲಿಸಿವೆ. ಆದರೂ ಒಳ್ಳೆಯ ಮಂದಿರದಲ್ಲಿ ಬೆಳೆದವರ ಮಾತನ್ನೂ ಕೆಟ್ಟ ಮಂದಿರದಲ್ಲಿ ಬೆಳೆದವರ ಮಾತನ್ನೂ ಜೊತೆಗಿಟ್ಟು ನೋಡಿದರೆ ಎರಡರಲ್ಲೂ ಸಮಾನವಾಗಿ ಕಾಣುವ ಕೊರತೆಯೊಂದಿದೆ. ಆ ಮಗುವಿನ ಕಥೆಯನ್ನು ಆದಿಯಿಂದ ಬಲ್ಲ ಒಬ್ಬ ಹಿರಿಯರೂ ಅಲ್ಲಿರಲಿಲ್ಲ. ಈ ಕೊರತೆ ತಾನಾಗಿ ಬಂದದ್ದಲ್ಲ, ವ್ಯವಸ್ಥೆಯೇ ಅದನ್ನು ಉಂಟುಮಾಡಿತು ಎಂಬುದು ನನ್ನ ವಾದ.

ಮೊದಲಿಗೆ, ಆ ಮಕ್ಕಳು ಯಾರು? 1945ರಲ್ಲಿ ಬ್ರಿಟಿಷ್ ಸರ್ಕಾರ ಡೇಮ್ ಮೈರಾ ಕರ್ಟಿಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮರುವರ್ಷ ಹೊರಬಂದ ಅದರ ವರದಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 1,25,000 ಮಕ್ಕಳು ತಮ್ಮ ಮನೆಗಳಿಂದ ಹೊರಗೆ ಬೆಳೆಯುತ್ತಿದ್ದರು. ಕೆಲವರು ಡಾ. ಬರ್ನಾರ್ಡೋ ಸಂಸ್ಥೆ, ನ್ಯಾಷನಲ್ ಚಿಲ್ಡ್ರನ್ಸ್ ಹೋಮ್‌ನಂಥ ಧರ್ಮಸಂಸ್ಥೆಗಳಲ್ಲಿ, ಕೆಲವರು ಕಾನ್ವೆಂಟುಗಳಲ್ಲಿ, ಕೆಲವರು ಸಾಕುಮನೆಗಳಲ್ಲಿದ್ದರು. ಇನ್ನು ಕೆಲವರಂತೂ ನಿರ್ಗತಿಕರಿಗೆಂದು ಕಟ್ಟಿದ ಹಳೆಯ ವರ್ಕ್‌ಹೌಸ್‌ಗಳಲ್ಲಿ ಮುದುಕರು, ರೋಗಿಗಳ ನಡುವೆಯೇ ದಿನ ದೂಡುತ್ತಿದ್ದರು. ಇವರಲ್ಲಿ ಬಹಳ ಮಂದಿ ಅನಾಥರೇ ಆಗಿರಲಿಲ್ಲ. ಮದುವೆಯಿಲ್ಲದೆ ಹೆತ್ತಳೆಂದು ಊರವರ ಮಾತಿಗೆ ಗುರಿಯಾದ ತಾಯಿ, ಕ್ಷಯರೋಗದಿಂದ ಸ್ಯಾನಟೋರಿಯಂ ಸೇರಿದ ತಾಯಿ, ಹೆಂಡತಿ ತೀರಿಕೊಂಡು ಮಕ್ಕಳನ್ನು ನೋಡಿಕೊಳ್ಳಲಾಗದ ತಂದೆ, ಬಾಂಬಿಗೆ ಮನೆ ಕಳೆದುಕೊಂಡ ಸಂಸಾರ, ಹೀಗೆ ಕಾರಣಗಳು ನೂರು. ಮಗುವಿಗೆ ಮಾತ್ರ ಆ ಕಾರಣವನ್ನು ಕೂರಿಸಿಕೊಂಡು ಹೇಳಿದವರು ಅಪರೂಪ. ಸಮಿತಿಯ ಸದಸ್ಯರು ಹೋದ ಕೆಲವು ಕಡೆ, ಹಿಂದೆಂದೂ ನೋಡದ ಆ ಅತಿಥಿಗಳಿಗೇ ಪುಟ್ಟ ಮಕ್ಕಳು ಮುತ್ತಿಕೊಂಡು, ತಮ್ಮನ್ನು ಮುದ್ದಿಸಿರೆಂದು ಹಾತೊರೆದವು. ತನ್ನದೆನ್ನುವ ಆಟಿಕೆಯಾಗಲಿ ಬಟ್ಟೆಯಾಗಲಿ ಇಲ್ಲದ ಮಕ್ಕಳನ್ನೂ ಅವರು ಕಂಡರು. ಎದ್ದು ಕಾಣುವ ಹಿಂಸೆಗಿಂತ, ಯಾರಿಗೂ ಈ ಮಗು ಇಂಥದ್ದು ಎಂಬ ಅಕ್ಕರೆಯ ಗುರುತಿಲ್ಲದಿರುವುದೇ ಸಮಿತಿಯನ್ನು ಹೆಚ್ಚು ಕಲಕಿತು.

ಈ ಗುರುತನ್ನು ಅಳಿಸುವುದು ಕೆಲವೆಡೆ ನಿಯಮವೇ ಆಗಿತ್ತು. 1739ರಲ್ಲಿ ಥಾಮಸ್ ಕೋರಮ್ ಸ್ಥಾಪಿಸಿದ ಫೌಂಡ್ಲಿಂಗ್ ಹಾಸ್ಪಿಟಲ್ ಹೆಸರಿಗೆ ಆಸ್ಪತ್ರೆಯಾದರೂ ನಿಜದಲ್ಲಿ ಮಕ್ಕಳ ಆಶ್ರಯತಾಣ. 1935ರಿಂದ ಅದು ಲಂಡನ್ನಿನ ಹೊರಗೆ ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿ ನಡೆಯುತ್ತಿತ್ತು. 1950ರ ದಶಕದ ಮಧ್ಯದವರೆಗೂ ನಡೆಯಿತು. ಅಲ್ಲಿಗೆ ಬಂದ ಶಿಶುವಿಗೆ ಜ್ಞಾನಸ್ನಾನ ಮಾಡಿಸಿ ಹೊಸ ಹೆಸರಿಡುತ್ತಿದ್ದರು. ಹೆತ್ತವಳು ಇಟ್ಟ ಹೆಸರು ದಾಖಲೆಯ ಪುಟದಲ್ಲಿ ಮುಚ್ಚಿಹೋಗುತ್ತಿತ್ತು. ಆಮೇಲೆ ಮಗುವನ್ನು ಹಳ್ಳಿಯ ಸಾಕುತಾಯಿಯ ಮನೆಗೆ ಕಳಿಸುತ್ತಿದ್ದರು. ಐದು ವರ್ಷ ಅದು ಆ ಮನೆಯ ಮಗುವಾಗಿಯೇ ಬೆಳೆಯುತ್ತಿತ್ತು, ಸಾಕಿದವಳನ್ನೇ ಅಮ್ಮನೆಂದು ಕರೆಯುತ್ತಿತ್ತು. ಐದು ತುಂಬುವ ಹೊತ್ತಿಗೆ ಒಂದು ದಿನ ಅದನ್ನು ಸಂಸ್ಥೆಗೆ ವಾಪಸು ತಂದು ಒಪ್ಪಿಸಬೇಕು. ಉದ್ದನೆಯ ಹಾಲಿನಲ್ಲಿ ಸಾಲು ಮಂಚಗಳು, ಎಲ್ಲರಿಗೂ ಒಂದೇ ಕಂದು ಬಣ್ಣದ ಸಮವಸ್ತ್ರ, ಹುಡುಗರಿಗೆ ಸೈನ್ಯದ ಬ್ಯಾಂಡಿನ ತರಬೇತಿ, ಹುಡುಗಿಯರಿಗೆ ಮನೆಗೆಲಸದ ತರಬೇತಿ. ಈ ಸಂಸ್ಥೆಯಲ್ಲಿ ಓದಿದವರ ಮಾತುಗಳನ್ನು ಅವರ ಇಳಿವಯಸ್ಸಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದಾರೆ. ಸಾಕುತಾಯಿಯಿಂದ ಬೇರ್ಪಟ್ಟ ಆ ದಿನ ಅನೇಕರಿಗೆ ಬಾಲ್ಯದ ಅತಿ ದೊಡ್ಡ ಗಾಯ. ಅನ್ನ, ಬಟ್ಟೆ, ವಿದ್ಯೆ, ಸಂಗೀತ ಎಲ್ಲವನ್ನೂ ಕೊಟ್ಟ ಸಂಸ್ಥೆಯೇ ಮಗುವಿನಿಂದ ಎರಡು ಸಲ ತಾಯಿಯನ್ನು ಕಿತ್ತುಕೊಂಡಿತು. ಇದನ್ನು ಮಾಡಿದವರು ದುಷ್ಟರಲ್ಲ, ಕ್ರಮಬದ್ಧವಾಗಿ ಕೆಲಸ ಮಾಡುತ್ತಿದ್ದ ಸಜ್ಜನರು. ಅದಕ್ಕೇ ಈ ಉದಾಹರಣೆ ನನಗೆ ಮುಖ್ಯವೆನಿಸುತ್ತದೆ.

ಎಲ್ಲರ ನೆನಪೂ ಇಷ್ಟು ಕಹಿಯಲ್ಲವಲ್ಲ ಎಂದು ಕೇಳಬಹುದು. ನಿಜ. ಕಾದಂಬರಿಕಾರ ಲೆಸ್ಲಿ ಥಾಮಸ್‌ರ ತಂದೆ ಹಡಗಿನ ಕೆಲಸದವರು. 1943ರಲ್ಲಿ ಸಮುದ್ರದಲ್ಲಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿಯೂ ಹೋದರು. ಬರ್ನಾರ್ಡೋ ಸಂಸ್ಥೆ ಸೇರಿದ ಆ ಹುಡುಗ ಮುಂದೆ, 1964ರಲ್ಲಿ, ತನ್ನ ಮಂದಿರದ ದಿನಗಳ ಬಗ್ಗೆ ಬರೆದ ಪುಸ್ತಕದಲ್ಲಿ ಗೆಳೆತನ, ಕೀಟಲೆ, ನಗು ತುಂಬಿವೆ. ಹೊರಗಿನ ಕೊಳಚೆ ಬೀದಿಗಳಿಗೆ ಹೋಲಿಸಿದರೆ ಮಂದಿರದ ಊಟ ಎಷ್ಟೋ ಮೇಲಾಗಿತ್ತು ಎನ್ನುವವರೂ ಇದ್ದಾರೆ. ರೇಷನ್ ಪದ್ಧತಿ 1954ರವರೆಗೂ ಇದ್ದ ದೇಶ ಅದು. ಆ ಮಾತುಗಳನ್ನು ಅನುಮಾನಿಸುವ ಹಕ್ಕು ನಮಗಿಲ್ಲ. ಆದರೆ ಅದೇ ಥಾಮಸ್‌ರನ್ನು ಅವರ ತಮ್ಮನಿಂದ ಬೇರೆ ಮಾಡಲಾಗಿತ್ತು. ವಯಸ್ಸಿನ ಪ್ರಕಾರ, ಗಂಡು ಹೆಣ್ಣೆಂಬ ಲೆಕ್ಕದ ಪ್ರಕಾರ, ಹಾಸಿಗೆ ಎಲ್ಲಿ ಖಾಲಿಯಿದೆ ಎಂಬುದರ ಪ್ರಕಾರ ಒಡಹುಟ್ಟಿದವರನ್ನು ಬೇರೆ ಬೇರೆ ಊರುಗಳಿಗೆ ಹಂಚುವುದು ಆಗ ತೀರ ಮಾಮೂಲು. ಅಪ್ಪ ಅಮ್ಮ ಇಲ್ಲದ ಮೇಲೆ ಹಳೆಯ ಮನೆ ಹೇಗಿತ್ತೆಂದು ಬಲ್ಲ ಇನ್ನೊಂದೇ ಜೀವ ತಮ್ಮನೋ ಅಕ್ಕನೋ ಆಗಿರುತ್ತದೆ. ಆ ನಂಟನ್ನು ಕಡಿದ ಮೇಲೆ ಹೊಸ ಗೆಳೆಯರು ಎಷ್ಟೇ ಒಳ್ಳೆಯವರಾಗಿದ್ದರೂ ಹಿಂದಿನದನ್ನು ಅವರು ತುಂಬಿಕೊಡಲಾರರು.

ಕಾಲವೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಂದನ್ನು ಅಳೆಯಬಾರದು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಶಾಲೆಯಲ್ಲೂ ಮನೆಯಲ್ಲೂ ಬೆತ್ತ ಓಡಾಡುತ್ತಿದ್ದ ಕಾಲ ಅದು ಎಂಬುದನ್ನು ಒಪ್ಪೋಣ. ಆದರೆ ಮಗುವಿಗೆ ತನ್ನವರೊಬ್ಬರು ಬೇಕೆಂಬ ತಿಳಿವಳಿಕೆ ಇಂದಿನದಲ್ಲ. ಯುದ್ಧದ ನಡುವೆಯೇ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಶಿಶುವಿಹಾರಗಳನ್ನು ನಡೆಸುತ್ತಿದ್ದರು. ಮಕ್ಕಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಗುಂಪಿಗೊಬ್ಬ ತಾಯಿಯಂಥ ದಾದಿಯನ್ನು ಅವರು ಗೊತ್ತುಮಾಡಿದರು. ಕೂಡಲೇ ಅಳು, ಹೊಟ್ಟೆಕಿಚ್ಚು, ದಾದಿ ಕೋಣೆಯಿಂದ ಹೊರಟರೆ ಸಾಕು ರಂಪ ಎಲ್ಲವೂ ಹೆಚ್ಚಾದವು. ಆದರೆ ಅದರ ಬೆನ್ನಿಗೇ ಮಕ್ಕಳು ಚುರುಕಾಗಿ ಬೆಳೆಯತೊಡಗಿದರು. ಗಲಾಟೆ ಮಾಡದ ಶಿಸ್ತಿನ ಮಗು ಸುಖವಾಗಿದೆ ಎಂಬ ಹಳೆಯ ನಂಬಿಕೆಯನ್ನು ಈ ಒಂದು ಅವಲೋಕನವೇ ಅಲುಗಾಡಿಸುವಂತಿತ್ತು. 1951ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿ ಇದನ್ನೇ ಜಗತ್ತಿಗೆಲ್ಲ ಸಾರಿತು. ಕರ್ಟಿಸ್ ಸಮಿತಿ ಸಣ್ಣ ಮನೆಗಳನ್ನು, ಪ್ರತಿ ಮಗುವನ್ನೂ ಖುದ್ದಾಗಿ ಬಲ್ಲ ಅಧಿಕಾರಿಯನ್ನು ಕೇಳಿತು. 1948ರ ಮಕ್ಕಳ ಕಾಯಿದೆ ಸ್ಥಳೀಯ ಆಡಳಿತಗಳಿಗೆ ಆ ಅಧಿಕಾರಿಯನ್ನು ಕೊಟ್ಟಿತು. ಸಾಕುಮನೆಗೆ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಂದಿನವರು ಭ್ರಮಿಸುವಂತಿರಲಿಲ್ಲ. 1945ರ ಜನವರಿಯಲ್ಲಿ ಶ್ರಾಪ್‌ಶೈರ್‌ನ ತೋಟದ ಮನೆಯೊಂದರಲ್ಲಿ ಡೆನಿಸ್ ಓನೀಲ್ ಎಂಬ 12 ವರ್ಷದ ಹುಡುಗ ಸಾಕುತಂದೆಯ ಹೊಡೆತ ಮತ್ತು ಹಸಿವಿನಿಂದ ಸತ್ತಿದ್ದ. ಆತ ಹೇಗಿದ್ದಾನೆಂದು ಹೋಗಿ ಸರಿಯಾಗಿ ನೋಡಿದವರಿರಲಿಲ್ಲ. ಹೀಗಿರುವಾಗ ಅಂದಿನವರಿಗೆ ತಿಳಿದಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಇನ್ನು, ನೆನಪು ಕೈಕೊಡುತ್ತದೆ, ದಾಖಲೆ ಮಾತ್ರ ಸಾಕ್ಷಿ ಎನ್ನುವವರಿದ್ದಾರೆ. ತಾರೀಖು, ಹೆಸರುಗಳ ಮಟ್ಟಿಗೆ ಅವರ ಮಾತಿಗೆ ಬೆಲೆಯಿದೆ. ಆದರೆ ಯುದ್ಧದ ನಂತರ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಿ ಕಳಿಸಲಾದ ಸಾವಿರಾರು ಮಕ್ಕಳ ವಿಷಯದಲ್ಲಿ ಏನಾಯಿತು ನೋಡಿ. ಕರ್ಟಿಸ್ ಸಮಿತಿ ಎಚ್ಚರಿಸಿದ್ದರೂ 1947ರಿಂದ ಈ ಸಾಗಣೆ ಮತ್ತೆ ಶುರುವಾಯಿತು, 1970ರ ಹೊತ್ತಿನವರೆಗೂ ನಡೆಯಿತು. ನಿಮ್ಮ ಅಪ್ಪ ಅಮ್ಮ ಸತ್ತಿದ್ದಾರೆ ಎಂದು ಎಷ್ಟೋ ಮಕ್ಕಳಿಗೆ ಹೇಳಲಾಗಿತ್ತು. 1986ರಲ್ಲಿ ಅಂಥ ಒಬ್ಬರ ಪತ್ರ ನಾಟಿಂಗ್‌ಹ್ಯಾಮ್‌ನ ಸಮಾಜ ಕಾರ್ಯಕರ್ತೆ ಮಾರ್ಗರೆಟ್ ಹಂಫ್ರೀಸ್ ಅವರ ಕೈಸೇರಿತು. ಅವರು ಹುಡುಕುತ್ತ ಹೋದಾಗ, ಸತ್ತರೆನ್ನಲಾದ ತಾಯಂದಿರಲ್ಲಿ ಕೆಲವರು ಇಂಗ್ಲೆಂಡಿನಲ್ಲಿ ಬದುಕಿಯೇ ಇದ್ದರು. ಸಂಸ್ಥೆಗಳು ಹೇಳಿದ್ದು ಸುಳ್ಳು, ಎಲ್ಲೋ ನಮಗೊಂದು ಮನೆಯಿತ್ತು ಎಂಬ ಮಕ್ಕಳ ಮಸುಕು ನೆನಪೇ ನಿಜವಾಗಿತ್ತು. 2010ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಆ ನೆನಪುಗಳನ್ನು ಮೊದಲೇ ನಂಬಿದ್ದರೆ ಎಷ್ಟೋ ತಾಯಿ ಮಕ್ಕಳು ಮುಖ ನೋಡುವ ಕಾಲವಿತ್ತು.

ಹಾಗೆಂದು ದಾಖಲೆ ಬೇಡವೆನ್ನುತ್ತಿಲ್ಲ. ನೆನಪಿಡುವ ಮನುಷ್ಯರಿಲ್ಲದವರಿಗೆ ಉಳಿದಿರುವುದು ಅದೊಂದೇ. ಲಿವರ್‌ಪೂಲಿನ ಗ್ರಹಾಂ ಗ್ಯಾಸ್ಕಿನ್ ತಾಯಿ ತೀರಿಕೊಂಡಾಗ ಇನ್ನೂ ಕೂಸು. 1960ರಿಂದ ನಗರಾಡಳಿತದ ಸುಪರ್ದಿಯಲ್ಲಿ ಬೆಳೆದ ಅವರು ದೊಡ್ಡವರಾದ ಮೇಲೆ ತಮ್ಮದೇ ಫೈಲನ್ನು ಕೇಳಿದರೆ, ಅದು ಗೋಪ್ಯವೆಂಬ ಉತ್ತರ ಬಂತು. ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. ತಮ್ಮ ಬಾಲ್ಯವನ್ನು ಅರಿಯಬಯಸುವವರ ಬೇಡಿಕೆಯನ್ನು ತೂಗಿನೋಡುವ ಸ್ವತಂತ್ರ ವ್ಯವಸ್ಥೆಯೇ ಬ್ರಿಟನ್ನಿನಲ್ಲಿಲ್ಲ, ಅದು ತಪ್ಪು ಎಂದು 1989ರಲ್ಲಿ ಆ ನ್ಯಾಯಾಲಯ ತೀರ್ಪಿತ್ತಿತು. ಈಗ ಫೈಲು ಕೇಳುವ ಹಕ್ಕಿದೆ. ಆದರೆ ಕೈಗೆ ಬರುವ ಪುಟಗಳಲ್ಲಿ ಬೇರೆಯವರ ಖಾಸಗಿತನದ ಹೆಸರಿನಲ್ಲಿ ಎಷ್ಟೋ ಸಾಲುಗಳಿಗೆ ಕಪ್ಪು ಬಳಿದಿರುತ್ತದೆ. ಆ ಬೇರೆಯವರು ಒಮ್ಮೊಮ್ಮೆ ಸ್ವಂತ ತಾಯಿ, ಸ್ವಂತ ಅಣ್ಣ. ಸ್ಥಳೀಯ ಆಡಳಿತಗಳ ಸುಪರ್ದಿಯಲ್ಲಿದ್ದ ಮಕ್ಕಳ ಫೈಲುಗಳನ್ನು ಅವರು ಹುಟ್ಟಿದ ದಿನದಿಂದ 75 ವರ್ಷ ಕಾಯ್ದಿಡಬೇಕೆಂಬ ನಿಯಮ ಬಂದದ್ದು 1990ರ ದಶಕದಲ್ಲಿ, ಅದಕ್ಕೂ ಮೊದಲೇ ಬಹಳಷ್ಟು ಕಾಗದ ನಾಶವಾಗಿತ್ತು. ಈಗ ಆ 75 ಕೂಡ ಸಾಲದಾಗಿದೆ. 1945ರಲ್ಲಿ ಹುಟ್ಟಿದವರಿಗೆ 2020ರಲ್ಲೇ ಅಷ್ಟು ವಯಸ್ಸಾಯಿತು. ಅವರಲ್ಲಿ ಅನೇಕರು ಬದುಕಿದ್ದಾರೆ, ಕೆಲವರು ಇಳಿವಯಸ್ಸಿನಲ್ಲಿ ಮೊದಲ ಸಲ ತಮ್ಮ ಫೈಲು ಹುಡುಕುತ್ತಿದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳೂ ಕೇಳುತ್ತಿದ್ದಾರೆ. ಆ ಕಾಲದ ಮಂದಿರಗಳ ಕಾಗದಪತ್ರಗಳನ್ನು ಅವಧಿಯ ಲೆಕ್ಕವಿಲ್ಲದೆ ಸಾರ್ವಜನಿಕ ದಾಖಲಾಲಯಗಳಿಗೆ ಒಪ್ಪಿಸಬೇಕು, ಸಂಬಂಧಪಟ್ಟವರಿಗೆ ತಾಯಿಯ ಹೆಸರನ್ನಾದರೂ ಕಪ್ಪು ಬಳಿಯದೆ ಕೊಡಬೇಕು.